ಟಾರ್ಚ್ ವರದಿಯಲ್ಲಿ ‘ಪಾಸಿಟಿವ್’ ಬಂದರೆ ಬೆಕ್ಕನ್ನು ಓಡಿಸಬೇಡಿ

ಗರ್ಭ ನಿಲ್ಲದೆ ಹೋದಾಗ ಪೀಣ್ಯವಾಗಲಿ ವೈಟ್‌ಫೀಲ್ಡ್ ಆಗಲಿ, ಹಲವರ ಕೈಗೆ ಮೊದಲು ಬರುವುದು ‘ಟಾರ್ಚ್’ ಪರೀಕ್ಷೆಯ ಚೀಟಿ. ಬೆಕ್ಕಿನ ಮಲದಿಂದಲೂ ಹರಡುವ ಟಾಕ್ಸೊಪ್ಲಾಸ್ಮಾ ಎಂಬ ಪರಾವಲಂಬಿ ಹಾಗೂ ರುಬೆಲ್ಲಾ, ಹರ್ಪಿಸ್‌ನಂಥ ವೈರಸ್‌ಗಳ ವಿರುದ್ಧ ರಕ್ತದಲ್ಲಿರುವ ಪ್ರತಿಕಾಯಗಳನ್ನು ಇದು ಅಳೆಯುತ್ತದೆ. ಟಾಕ್ಸೊ ಪಕ್ಕದಲ್ಲಿ ‘ಪಾಸಿಟಿವ್’ ಕಂಡರೆ ಮುಗಿಯಿತು: ಬೆಕ್ಕು ಬೀದಿಪಾಲು, ಸೊಸೆಯ ಮೇಲೆ ಗೊಣಗಾಟ, ತಿಂಗಳುಗಟ್ಟಲೆ ಮಾತ್ರೆ.

ಮೊದಲು ಐಜಿಜಿ, ಐಜಿಎಂ ಎಂಬ ಎರಡು ಬಗೆಯ ಪ್ರತಿಕಾಯಗಳ ಸಾಲುಗಳನ್ನು ಬೇರೆಬೇರೆಯಾಗಿ ನೋಡಿ. ತಪ್ಪಾಗುವುದೆಲ್ಲ ಇಲ್ಲೇ. ಸೋಂಕು ತಗುಲಿದ ಒಂದು ವಾರದ ಆಸುಪಾಸಿನಲ್ಲಿ ಐಜಿಎಂ ಕಾಣಿಸಿಕೊಳ್ಳುತ್ತದೆ. ಅದರ ಬೆನ್ನಿಗೇ ಐಜಿಜಿ ಬರುತ್ತದೆ, ಬಂದದ್ದು ಸಾಮಾನ್ಯವಾಗಿ ಜೀವಮಾನವಿಡೀ ಉಳಿಯುತ್ತದೆ. ಐಜಿಎಂ ನೆಗೆಟಿವ್, ಐಜಿಜಿ ಪಾಸಿಟಿವ್ ಎಂದಿದ್ದರೆ ಸೋಂಕು ಹಿಂದೆಂದೋ ಬಂದದ್ದು, ದೇಹ ಅದನ್ನು ಹದ್ದುಬಸ್ತಿನಲ್ಲಿ ಇಟ್ಟುಕೊಂಡಿದೆ. ಎಚ್‌ಐವಿ, ಅಂಗಾಂಗ ಕಸಿಯ ಔಷಧಗಳಂಥ ಕಾರಣದಿಂದ ರೋಗನಿರೋಧಕ ಶಕ್ತಿ ಕುಗ್ಗಿಲ್ಲದಿದ್ದರೆ ಹಳೆಯ ಸೋಂಕು ಮಗುವಿಗೆ ದಾಟುವುದು ತೀರಾ ಅಪರೂಪ. ಅಕ್ಕನಿಗೆ ಐಜಿಜಿ 80 ಇತ್ತು, ನನಗೆ 200 ಇದೆ ಎಂಬ ಹೋಲಿಕೆಗೂ ಅರ್ಥವಿಲ್ಲ; ಲ್ಯಾಬಿನಿಂದ ಲ್ಯಾಬಿಗೆ ಅಳತೆಯೇ ಬೇರೆ. ಮಾತ್ರೆ ನುಂಗಿ ಐಜಿಜಿಯನ್ನು ನೆಗೆಟಿವ್ ಮಾಡಿಕೊಳ್ಳಲು ಆಗದು. ಆಗಲಿ ಎಂದು ಮೂರು ತಿಂಗಳಿಗೊಮ್ಮೆ ರಕ್ತ ಕೊಟ್ಟರೆ ಲಾಭ ಲ್ಯಾಬಿಗೆ ಮಾತ್ರ.

ಐಜಿಎಂ ಪಾಸಿಟಿವ್ ಇದ್ದರೂ ತೀರ್ಪು ಬೇಡ. ಅದು ತಿಂಗಳುಗಟ್ಟಲೆ, ಕೆಲವರಲ್ಲಿ ವರ್ಷ ದಾಟಿಯೂ ಉಳಿಯುತ್ತದೆ; ಸುಳ್ಳು ಪಾಸಿಟಿವ್ ಕೂಡ ಉಂಟು. ಮುಂದಿನ ಹೆಜ್ಜೆ, ಪ್ರತಿಕಾಯ ಎಷ್ಟು ಬಿಗಿಯಾಗಿ ಅಂಟುತ್ತದೆ ಎಂದು ನೋಡುವ ‘ಐಜಿಜಿ ಅವಿಡಿಟಿ’ ಪರೀಕ್ಷೆ. ಅವಿಡಿಟಿ ಹೆಚ್ಚಿದ್ದರೆ ಸೋಂಕಿಗೆ ಕನಿಷ್ಠ ಮೂರ್ನಾಲ್ಕು ತಿಂಗಳಾಗಿದೆ. ಎಂಟನೇ ವಾರಕ್ಕೆ ಗರ್ಭ ಹೋಗಿ, ಆ ದಿನಗಳಲ್ಲೇ ರಕ್ತ ಕೊಟ್ಟಿದ್ದರೆ, ಸೋಂಕು ಗರ್ಭಕ್ಕಿಂತ ಮೊದಲಿನದು ಎಂದಾಯಿತು. ಅವಿಡಿಟಿ ಕಡಿಮೆ ಇದ್ದ ಮಾತ್ರಕ್ಕೆ ಹೊಸ ಸೋಂಕು ಎನ್ನಲಾಗದು. ಎರಡು ಮೂರು ವಾರ ಬಿಟ್ಟು ಅದೇ ಲ್ಯಾಬಿನಲ್ಲಿ ಮತ್ತೆ ನೋಡಬೇಕು. ಹೊಸ ಸೋಂಕು ಖಚಿತವಾದರೆ ಮುಂದಿನ ಗರ್ಭಕ್ಕೆ ಆರು ತಿಂಗಳು ಕಾಯುವಂತೆ ಹೇಳುತ್ತಾರೆ. ಸ್ಪೈರಮೈಸಿನ್ ಮಾತ್ರೆ ಗರ್ಭಿಣಿಗೆ ಹೊಸದಾಗಿ ಸೋಂಕು ತಗುಲಿದಾಗ ಕೊಡುವಂಥದ್ದು, ಹಳೆಯ ಐಜಿಜಿಗಲ್ಲ.

ರಕ್ತಕಣಗಳ ಎಣಿಕೆಯ (ಸಿಬಿಸಿ) ವರದಿಯಲ್ಲಿ ಇಯೊಸಿನೊಫಿಲ್ ಏರಿದ್ದರೆ ಅದನ್ನು ಟಾಕ್ಸೊಗೆ ಗಂಟು ಹಾಕಬೇಡಿ. ಅಲರ್ಜಿಗೆ, ಕೊಕ್ಕೆಹುಳುವಿನಂಥ ಹುಳುಗಳಿಗೆ ಏರುವ ಕಣ ಅದು. ಟಾಕ್ಸೊದಲ್ಲಿ ಲಿಂಫೊಸೈಟ್ ಏರಬಹುದು, ಕತ್ತಿನಲ್ಲಿ ಗಂಟು ಕಾಣಬಹುದು. ಹೆಚ್ಚಿನವರಿಗೆ ಏನೂ ತಿಳಿಯುವುದಿಲ್ಲ. ಇಯೊಸಿನೊಫಿಲ್ ಹೆಚ್ಚಿ ಹಿಮೋಗ್ಲೋಬಿನ್ ಇಳಿದಿದ್ದರೆ ಮಲಪರೀಕ್ಷೆ ಮಾಡಿಸಿ. ಹುಳುವಿನ ಮಾತ್ರೆ ಅಲ್ಬೆಂಡಜೋಲ್ ಗರ್ಭದ ಮೊದಲ ಮೂರು ತಿಂಗಳು ಬೇಡ.

ಪದೇ ಪದೇ ಗರ್ಭ ಹೋಗುತ್ತಿದ್ದರೆ ಟಾರ್ಚ್ ಬಿಟ್ಟು ಥೈರಾಯ್ಡ್, ಸಕ್ಕರೆ, ಗರ್ಭಕೋಶದ ಸ್ಕ್ಯಾನ್ ಬಗ್ಗೆ ಕೇಳಿ. ಆ್ಯಂಟಿಫಾಸ್ಫೊಲಿಪಿಡ್ ಪ್ರತಿಕಾಯ ಪರೀಕ್ಷೆಯೂ ಬೇಕು. ದೇಹದ ರಕ್ಷಣಾ ವ್ಯವಸ್ಥೆಯೇ ಗರ್ಭಕ್ಕೆ ಮುಳುವಾಗುವ ಈ ತೊಂದರೆಗೆ ಚಿಕಿತ್ಸೆ ಇದೆ. ಪಾಸಿಟಿವ್ ಬಂದರೆ 12 ವಾರ ಬಿಟ್ಟು ಇನ್ನೊಮ್ಮೆ ಮಾಡಿಸಬೇಕು. ಮರುಕಳಿಸುವ ಗರ್ಭಪಾತಕ್ಕೆ ಟಾರ್ಚ್ ಕೈಬಿಡಿ ಎಂದು ಬ್ರಿಟನ್ನಿನ ಸ್ತ್ರೀರೋಗ ತಜ್ಞರ ರಾಯಲ್ ಕಾಲೇಜು 2011ರಲ್ಲೇ ಹೇಳಿತ್ತು. ನಮ್ಮ ಪ್ಯಾಕೇಜುಗಳಲ್ಲಿ ಅದಿನ್ನೂ ಮೆರೆಯುತ್ತಿದೆ.

ಇನ್ನು ತಡೆಗಟ್ಟುವುದು. ಟ್ಯಾಂಕರ್ ನೀರಿಗೆ ಕ್ಲೋರಿನ್ ಹಾಕಿದರೂ ಈ ಪರಾವಲಂಬಿಯ ಮೊಟ್ಟೆಯಂಥ ಕೋಶಗಳು ಸಾಯವು. ಕುಡಿಯುವ ನೀರು ಕುದಿಸಿ. ಮಾಂಸ ಒಳಗಿನವರೆಗೂ ಬೇಯಲಿ, ಸೊಪ್ಪನ್ನು ಚೆನ್ನಾಗಿ ತೊಳೆಯಿರಿ. ಬೆಕ್ಕು ಈ ಕೋಶಗಳನ್ನು ಹೊರಹಾಕುವುದು ಮೊದಲ ಸೋಂಕಿನ ನಂತರದ ಒಂದರಿಂದ ಮೂರು ವಾರ ಅಷ್ಟೇ, ಅವು ಸೋಂಕು ಹರಡುವಂತಾಗಲು ದಿನವಾದರೂ ಬೇಕು. ದಿನಾ ಬೇರೆಯವರು ಹೇಲು ಬಳಿದರೆ ಸಾಕು.

ಕೊನೆಗೆ ರಜೆ: ಗರ್ಭಪಾತಕ್ಕೆ ಆರು ವಾರ ಸಂಬಳಸಹಿತ ರಜೆ 1961ರ ಹೆರಿಗೆ ಸೌಲಭ್ಯ ಕಾಯ್ದೆಯ ಕಾಲದಿಂದಲೂ ಇದೆ. ವಂತಿಗೆಯ ದಿನಗಳು ಸಾಕಷ್ಟಿದ್ದರೆ ನೌಕರರ ರಾಜ್ಯ ವಿಮೆ (ಇಎಸ್‌ಐ) ಇರುವವರಿಗೆ ಆ ಹಣ ಅಲ್ಲಿಂದಲೇ ಬರುತ್ತದೆ. ಡಿಸ್ಚಾರ್ಜ್ ಚೀಟಿ, ವೈದ್ಯರ ಪ್ರಮಾಣಪತ್ರ ಜೋಪಾನ. ಎಚ್‌ಆರ್‌ನವರು ತಾವಾಗಿ ಹೇಳುವುದು ಕಡಿಮೆ, ನೀವೇ ಕೇಳಿ.