ಬೆಲ್ಟಿನ ಅಂಚಿಗೆ ಬೆರಳಾಡಿಸು

ತಮ್ಮಾ, ನೀಲಗುಂದದಲ್ಲಿ ಪಿಕಪ್ ಇಟ್ಟು ಬಾಡಿಗೆಗೆ ಇಳಿದಿದ್ದೀಯ. ಸುಗ್ಗಿಯಲ್ಲಿ ಮೆಕ್ಕೆಜೋಳದ ಚೀಲ ಹೇರಿಕೊಂಡು ಹರಪನಹಳ್ಳಿ, ದಾವಣಗೆರೆ. ಉಳಿದ ದಿನ ಒಕ್ಕಣೆ ಯಂತ್ರ, ಪಂಪ್‌ಸೆಟ್ಟು, ಪೈಪು, ಸಿಮೆಂಟು ಅಂತ ಕೊಟ್ಟೂರು, ಹಡಗಲಿ ಕಡೆ. ಎಂಜಿನ್, ಟೈರಿನ ವಿಷಯ ಹೇಳಿಕೊಡುವವರು ಬೇಕಾದಷ್ಟು ಮಂದಿ ಸಿಗುತ್ತಾರೆ. ಮಾಲು ಬಿಗಿಯುವ ಬೆಲ್ಟಿನ ಮಾತು ಯಾರೂ ಎತ್ತುವುದಿಲ್ಲ. ಕೆಲಸ ಮುಗಿದರೆ ಅದು ಬಾಡಿಯ ಮೂಲೆಯಲ್ಲಿ ಮಣ್ಣು, ಡೀಸೆಲ್ ಕುಡಿಯುತ್ತ ಬಿದ್ದಿರುತ್ತದೆ.

ಮೊದಲು ಅದರ ಕೆಲಸ ಏನೆಂದು ತಿಳಿದುಕೋ. ಮಾಲಿನ ಮೇಲಿಂದ ಹಾಯಿಸಿ ಬಿಗಿದ ಬೆಲ್ಟು ಮಾಲನ್ನು ತಳದ ಹಲಗೆಗೆ ಒತ್ತುತ್ತದೆ. ಒತ್ತಿದಷ್ಟೂ ಘರ್ಷಣೆ ಹೆಚ್ಚಿ ಮಾಲು ಜಾರದೆ ನಿಲ್ಲುತ್ತದೆ. ಬೆಲ್ಟಿಗೆ ಹೊಲಿದ ಚೀಟಿಯಲ್ಲಿ ಎರಡು ಅಂಕಿಗಳಿರುತ್ತವೆ, ಎರಡನ್ನೂ ಓದು. 50 ಮಿ.ಮೀ. ಅಗಲದ ಪಾಲಿಯೆಸ್ಟರ್ ಬೆಲ್ಟಿನಲ್ಲಿ ‘ಎಲ್‌ಸಿ’ ಎಂಬುದರ ಮುಂದೆ 2500 ಇದ್ದರೆ, ನೇರ ಎಳೆತದಲ್ಲಿ ಸುಮಾರು 2,500 ಕೆ.ಜಿ.ವರೆಗೆ ಬಳಸಬಹುದು ಎಂದರ್ಥ. ‘ಎಸ್‌ಟಿಎಫ್’ ಮುಂದಿನದು ಬಹಳ ಸಣ್ಣದು, ಸಾಮಾನ್ಯವಾಗಿ ಮುನ್ನೂರರ ಆಸುಪಾಸು. ಬೆಲ್ಟನ್ನು ಎಳೆದು ಹಿಡಿಯುವ ಹಲ್ಲಿನ ಸಲಕರಣೆಯಾದ ರ‍್ಯಾಚೆಟ್ಟನ್ನು ಕೈಯಿಂದ ಬಿಗಿದು ಬಿಟ್ಟಾಗ ಬೆಲ್ಟಿನಲ್ಲಿ ಉಳಿಯುವ ಬಿಗಿತ ಅಷ್ಟೇ. ಮೇಲಿಂದ ಬಿಗಿದ ಮಾಲಿಗೆ ಲೆಕ್ಕಕ್ಕೆ ಬರುವುದು ಈ ಸಣ್ಣ ಅಂಕಿಯೇ. ದೊಡ್ಡ ಅಂಕಿ ನೋಡಿ ಒಂದೇ ಬೆಲ್ಟು ಸಾಕೆಂದು ಹೊರಡುವವರನ್ನು ಕಂಡರೆ ನನಗೆ ಎದೆ ಧಸಕ್ಕೆನ್ನುತ್ತದೆ. ಬೆಲ್ಟು ಕಡಿದಾಗಿ ಇಳಿದಿದ್ದರೆ ಒತ್ತಡ ಹೆಚ್ಚು ಸಿಗುತ್ತದೆ. ತಗ್ಗು ಮಾಲಿನ ಮೇಲೆ 30 ಡಿಗ್ರಿಗೆ ಮಲಗಿದರೆ ಅರ್ಧಕ್ಕರ್ಧ ಹೋಯಿತು. ಜೋರು ಬ್ರೇಕ್ ಹಾಕಿದಾಗ ಮಾಲು ತನ್ನ ತೂಕದ ಶೇ. 80ರಷ್ಟು ಬಲದಿಂದ ಮುಂದೆ ನುಗ್ಗಬಹುದೆಂದು ಯುರೋಪಿನ ಮಾನಕ ಲೆಕ್ಕ ಹಿಡಿಯುತ್ತದೆ. ಒಂದು ಟನ್ನಿನ ಯಂತ್ರವೆಂದರೆ 800 ಕೆ.ಜಿ. ನಿನ್ನ ಬೆನ್ನಿಗೇ ಬರುತ್ತದೆ. ಆದ್ದರಿಂದ ಯಂತ್ರವನ್ನು ಮುಂದಿನ ಹಲಗೆಗೆ ತಾಗಿಸಿ ನಿಲ್ಲಿಸು, ಗಾಲಿಗೆ ಕಟ್ಟಿಗೆಯ ಅಡೆ ಕೊಡು, ನಾಲ್ಕು ಮೂಲೆಯಿಂದ ನಾಲ್ಕು ಬೆಲ್ಟು ಎಳೆದು ಕಟ್ಟು.

ಇನ್ನು ಪರೀಕ್ಷೆ. ಅದು ಮಾಲು ಹೇರುವ ಮುಂಚೆ, ಹಗಲು ಬೆಳಕಿನಲ್ಲಿ ಆಗಬೇಕು. ಬೆಲ್ಟನ್ನು ಪೂರ್ತಿ ಬಿಚ್ಚಿ ಹಾಸು, ಮಣ್ಣು ಒರೆಸು. ಒಂದು ತುದಿಯಿಂದ ಹೆಬ್ಬೆರಳು ತೋರುಬೆರಳಿನ ನಡುವೆ ಅಂಚನ್ನು ಹಿಡಿದು ಎಳೆಯುತ್ತ ಹೋಗು. ಕಣ್ಣಿಗೆ ಕಾಣದ ಸೀಳು ಬೆರಳಿಗೆ ತಾಗುತ್ತದೆ. ಅಲ್ಲಿ ಬೆಲ್ಟನ್ನು ಕಮಾನಿನಂತೆ ಬಾಗಿಸಿ ನೋಡು, ತುಂಡಾದ ಎಳೆಗಳು ಬಾಯಿ ತೆರೆದು ನಿಲ್ಲುತ್ತವೆ. ಅಂಚು ಕತ್ತರಿಸಿದ, ಹೊಲಿಗೆ ಬಿಟ್ಟ, ಸೈಲೆನ್ಸರ್‌ಗೆ ತಾಗಿ ಗಾಜಿನಂತೆ ಗಟ್ಟಿಯಾದ ಬೆಲ್ಟನ್ನು ಎತ್ತಿಡು. ನಮ್ಮ ಕಡೆಯ ಬಿಸಿಲಿಗೆ ವರ್ಷಗಟ್ಟಲೆ ಬಿದ್ದು ಬಣ್ಣ ಹೋಗಿ ಸೆಟೆದುಕೊಂಡದ್ದನ್ನೂ ನಂಬಬೇಡ. ಸುಣ್ಣ, ಸಿಮೆಂಟಿನ ಕ್ಷಾರ ಪಾಲಿಯೆಸ್ಟರನ್ನು ತಿನ್ನುತ್ತದೆ. ಸಿಮೆಂಟು ಹೇರಿದ ದಿನವೇ ಬೆಲ್ಟನ್ನು ತಣ್ಣೀರಲ್ಲಿ ತೊಳೆದು ನೆರಳಲ್ಲಿ ಒಣಗಿಸು.

ಹರಿದ ಕಡೆ ಗಂಟು ಹಾಕಿದರೆ ಬೆಲ್ಟಿನ ಬಲ ಅರ್ಧಕ್ಕೆ ಇಳಿಯಬಹುದು. ಆ ಗಂಟು ರ‍್ಯಾಚೆಟ್ಟಿನೊಳಗೂ ಹೋಗುವುದಿಲ್ಲ. ಹುಕ್ಕು ಬಾಯಿ ಅಗಲಿಸಿದ್ದರೆ ಸುತ್ತಿಗೆಯಿಂದ ಬಡಿದು ಸರಿಮಾಡಲು ಹೋಗಬೇಡ, ಬದಲಿಸು. ರ‍್ಯಾಚೆಟ್ಟಿನ ಹಲ್ಲು ಸವೆದಿದೆಯೇ, ಲಾಕು ಪೂರ್ತಿ ಕೂರುತ್ತದೆಯೇ ನೋಡು. ಹಿಡಿಕೆಗೆ ಪೈಪು ತೊಡಿಸಿ ಮೀಟುವುದು ಬೇಡವೇ ಬೇಡ. ಕಬ್ಬಿಣದ ಚೂಪು ಮೂಲೆಯ ಮೇಲೆ ಬೆಲ್ಟು ಹಾಯುವಲ್ಲಿ ದಪ್ಪ ರಬ್ಬರ್ ತುಂಡು ಕೊಡು.

ಚೀಲದ ಲೋಡಿನ ಗುಣ ಬೇರೆ. ಉಬ್ಬು ತಗ್ಗು ದಾಟಿದಂತೆ ಚೀಲಗಳು ಕುಸಿದು ಕೂರುತ್ತವೆ, ಊರಲ್ಲಿ ತಂತಿಯಂತೆ ಬಿಗಿದಿದ್ದ ಬೆಲ್ಟು ಜೋತುಬೀಳುತ್ತದೆ. ಹತ್ತು ಹದಿನೈದು ಕಿ.ಮೀ. ಹೋದ ಮೇಲೆ ನಿಲ್ಲಿಸಿ ಮತ್ತೆ ಬಿಗಿ. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯ ಪ್ರಕಾರ, ಬಾಡಿಯ ಆಚೆ ಮಾಲು ಚಾಚಿದರೆ 20,000 ರೂ. ದಂಡವಿದೆ. ಆದರೆ ನನ್ನ ಆತಂಕ ದಂಡದ್ದಲ್ಲ. ಬೆಲ್ಟು ಹರಿದು ಚೀಲ ಉರುಳಿದರೆ ಹಿಂದೆ ಬರುವ ಬೈಕಿನಲ್ಲಿ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡವನಿರುತ್ತಾನೆ.

ಹಮಾಲರಾಗಲಿ, ಮಾಲಿನ ಒಡೆಯರಾಗಲಿ ಲೋಡಿನ ಮೇಲೆ ಕೂರುತ್ತೇವೆಂದರೆ ಒಪ್ಪಬೇಡ. 2025ರ ಜನವರಿ 22ರ ನಸುಕಿನಲ್ಲಿ ಸವಣೂರಿನಿಂದ ಕುಮಟಾ ಸಂತೆಗೆ ಹೊರಟಿದ್ದ ತರಕಾರಿ ಲಾರಿ ಯಲ್ಲಾಪುರದ ಘಟ್ಟದಲ್ಲಿ ಉರುಳಿ, ಸರಕಿನ ಜೊತೆ ಪಯಣಿಸುತ್ತಿದ್ದ ವ್ಯಾಪಾರಿಗಳಲ್ಲಿ 10 ಜನ ತೀರಿಕೊಂಡರು. ಲಾರಿ ಉರುಳುವಾಗ ಮಾಲಿನ ಜೊತೆ ಕೂತವರಿಗೆ ಹಿಡಿದುಕೊಳ್ಳಲು ಏನೂ ಇರುವುದಿಲ್ಲ. ನಿನ್ನ ಬೆಲ್ಟು ಎಷ್ಟೇ ಹೊಸದಿರಲಿ, ಅದು ಮನುಷ್ಯರನ್ನು ಕಾಯುವುದಿಲ್ಲ.

ಕೆಟ್ಟ ಬೆಲ್ಟನ್ನು ಸೀಟಿನ ಕೆಳಗೆ ತುರುಕಬೇಡ, ಅವಸರದ ದಿನ ಅದೇ ಕೈಗೆ ಸಿಗುತ್ತದೆ. ಅಲ್ಲೇ ಕುಡುಗೋಲಿನಿಂದ ಎರಡು ತುಂಡು ಮಾಡು. ಈ ಸಲ ಮೆಕ್ಕೆಜೋಳ ಶುರುವಾಗುವ ಮುಂಚೆ ಹೊಸ ಬೆಲ್ಟು ತರಲು ಹೋದಾಗ, ಚೀಟಿ ಇಲ್ಲದ ಅಗ್ಗದ ಮಾಲು ತೋರಿಸಿದರೆ ಬೇಡವೆಂದು ಮುಂದಿನ ಅಂಗಡಿಗೆ ಹೋಗು.