ಮೊದಲ ಜೆಲ್ ಉಗುರಿಗೆ ಮುನ್ನ

ತಂಗಿಯ ಮದುವೆಗೆ ಉದ್ದನೆಯ ಉಗುರು ಬೇಕೆಂದು ಜೆಲ್ ಕಿಟ್ ತರಿಸಿಕೊಂಡಿದ್ದೀರಾ? ಮನೆಯಲ್ಲೇ ಖಂಡಿತ ಕಲಿಯಬಹುದು. ಆದರೆ ಮದುವೆಯ ಹಿಂದಿನ ರಾತ್ರಿ ಮೊದಲ ಪ್ರಯತ್ನ ಬೇಡ. ಎರಡು ವಾರ ಮುಂಚೆ ಒಂದೇ ಬೆರಳಿಗೆ ಹಾಕಿ ನೋಡಿ.

ಎಲ್ಲಕ್ಕಿಂತ ಮುಖ್ಯವಾದದ್ದು ಇದು: ಗಟ್ಟಿಯಾಗದ ಜೆಲ್ ಚರ್ಮಕ್ಕೆ ತಾಗಬಾರದು. ಅದರಲ್ಲಿರುವ ಅಕ್ರಿಲೇಟ್‌ಗಳು ಪದೇ ಪದೇ ಸೋಕಿದರೆ ಅಲರ್ಜಿ ಹುಟ್ಟಬಹುದು. ಬೆರಳ ತುದಿ ಕೆಂಪಾಗಿ, ತುರಿಸಿ, ಬಿರಿಯುತ್ತದೆ. ಒಮ್ಮೆ ಬಂದರೆ ಸಾಮಾನ್ಯವಾಗಿ ಜೀವನಪೂರ್ತಿ ಬಿಡದು. ಹಲ್ಲಿನ ಹುಳುಕು ತುಂಬಿಸುವ ವಸ್ತುವಿನಲ್ಲೂ ಅದೇ ಬಳಗದ ರಾಸಾಯನಿಕಗಳಿರುವುದರಿಂದ ಮುಂದೆ ಅಲ್ಲೂ ತೊಂದರೆಯಾಗಬಹುದು. ಆದ್ದರಿಂದ ಉಗುರಿನ ಸುತ್ತ ಕೂದಲೆಳೆಯಷ್ಟು ಜಾಗ ಬಿಡಿ. ಚರ್ಮಕ್ಕೆ ಹರಿದರೆ, ಜೆಲ್ ಗಟ್ಟಿಮಾಡುವ ಲ್ಯಾಂಪ್‌ನಲ್ಲಿ ಕೈ ಇಡುವ ಮೊದಲೇ ಒರೆಸಿ. ದಪ್ಪಗೆ ಬಳಿದರೆ ಮೇಲೆ ಗಟ್ಟಿಯಾಗಿ ಒಳಗೆ ಹಸಿ ಉಳಿಯುತ್ತದೆ, ಹಾಗಾಗಿ ತೆಳುವಾಗಿ ಪದರ ಪದರವಾಗಿ ಹಾಕಿ. ಆ ಜೆಲ್‌ಗೆ ತಯಾರಕರು ಹೇಳಿದ ಲ್ಯಾಂಪನ್ನೇ, ಹೇಳಿದಷ್ಟು ಹೊತ್ತು ಬಳಸಿ.

ಪಾತ್ರೆ ತೊಳೆದು, ಹಿಟ್ಟು ನಾದುವ ಕೈಗೆ ಗಿಡ್ಡ ಉಗುರೇ ಒಳಿತು. ಉದ್ದನೆಯದು ಎಲ್ಲಾದರೂ ಸಿಕ್ಕಿ ಮೀಟಿದರೆ ಸ್ವಂತ ಉಗುರೇ ಬುಡದಿಂದ ಏಳುತ್ತದೆ.

ತೆಗೆಯುವಾಗ ದಯವಿಟ್ಟು ಕೀಳಬೇಡಿ. ಸ್ವಂತ ಉಗುರಿನ ಪದರವೂ ಜೊತೆಗೆ ಬರುತ್ತದೆ. ತಿಂಗಳಿಗೆ ಸುಮಾರು 3 ಮಿ.ಮೀ. ಬೆಳೆಯುವ ಕೈಯುಗುರು ಪೂರ್ತಿ ಹೊಸದಾಗಲು ಆರು ತಿಂಗಳು ಬೇಕು. ನೆನೆಸಿ ತೆಗೆಯುವ ಬಗೆಯ ಜೆಲ್ ಆದರೆ ಅಸಿಟೋನ್‌ನಲ್ಲಿ ಅದ್ದಿದ ಹತ್ತಿಯಿಟ್ಟು, ಫಾಯಿಲ್ ಸುತ್ತಿ ಕಾಲು ಗಂಟೆ ಕೂರಿ. ಒಲೆ, ದೀಪಗಳಿಂದ ಮಾತ್ರ ದೂರವಿರಿ, ಅಸಿಟೋನ್ ಥಟ್ಟನೆ ಹೊತ್ತಿಕೊಳ್ಳುತ್ತದೆ. ಹಾರ್ಡ್ ಜೆಲ್ ಇದಕ್ಕೆ ಕರಗದು. ಅದನ್ನು ಫೈಲ್‌ನಿಂದ ನಿಧಾನವಾಗಿ ಉಜ್ಜಿಯೇ ಇಳಿಸಬೇಕು.