ಕಣದಿಂದ ಬಂದ ಪದ: ಟ್ರಿಬ್ಯುಲೇಶನ್



ಇಂಗ್ಲಿಷ್ ಬೈಬಲ್ ಓದುವವರಿಗೆ 'ಟ್ರಿಬ್ಯುಲೇಶನ್' ಹೊಸ ಪದವೇನಲ್ಲ. ಕನ್ನಡದಲ್ಲಿ ಇದನ್ನು ಕಷ್ಟ, ಸಂಕಟ ಎನ್ನುತ್ತೇವೆ. ಆದರೆ ಬಸ್ಸು ತಪ್ಪಿದ್ದಕ್ಕೆ, ಕರೆಂಟು ಹೋದದ್ದಕ್ಕೆ ತಮಾಷೆಗಲ್ಲದೆ ಯಾರೂ ಈ ಪದ ಬಳಸುವುದಿಲ್ಲ. ಮೇಲೆ ಕುಳಿತು ಬಹುಕಾಲ ಅದುಮುವ ಕಷ್ಟಕ್ಕೆ ಇದು ಮೀಸಲು. 'ಟ್ರಯಲ್ಸ್ ಅಂಡ್ ಟ್ರಿಬ್ಯುಲೇಶನ್ಸ್' ಎಂದು ಜೋಡಿಯಾಗಿ ಹೇಳುವ ರೂಢಿಯಿದ್ದರೂ ಎರಡೂ ಒಂದೇ ಅಲ್ಲ. ಮೊದಲನೆಯದು ಪರೀಕ್ಷೆ, ಎರಡನೆಯದು ತುಳಿತ.

ಈ ಪದ ಹುಟ್ಟಿದ್ದು ಕಣದಲ್ಲಿ. ಲತೀನಿನಲ್ಲಿ 'ತ್ರಿಬುಲುಮ್' ಎಂದರೆ ಅಡಿಯಲ್ಲಿ ಚೂಪುಗಲ್ಲು ಅಥವಾ ಕಬ್ಬಿಣದ ಹಲ್ಲು ಜಡಿದ ದಪ್ಪ ಹಲಗೆ. ಅದನ್ನು ಎತ್ತುಗಳಿಗೆ ಕಟ್ಟಿ ತೆನೆಯ ಮೇಲೆ ಎಳೆಸುತ್ತಿದ್ದರು. ನಮ್ಮ ರೋಣಗಲ್ಲು ಮಾಡುವ ಕೆಲಸವೇ ಅದು. ಲತೀನ್ ಬೈಬಲ್ಲಿನಲ್ಲಿ 'ತ್ರಿಬುಲಾತ್ಸಿಯೊ' ಎಂದಿರುವ ಕಡೆ ಗ್ರೀಕ್ ಮೂಲದಲ್ಲಿ ಸಾಮಾನ್ಯವಾಗಿ ಇರುವುದು 'ಥ್ಲಿಪ್ಸಿಸ್', ಅಂದರೆ ಒತ್ತಡ. ಸಂತ ಯೊವಾನ್ನರ ಶುಭಸಂದೇಶದಲ್ಲಿ (16:21) ಹೆರಿಗೆಯ ನೋವಿಗೂ ಇದೇ ಪದ!

ಸಂತ ಅಗಸ್ಟೀನರು 'ದೇವನಗರ' ಎಂಬ ತಮ್ಮ ಗ್ರಂಥದ ಮೊದಲ ಭಾಗದಲ್ಲಿ ಈ ಹಲಗೆಯನ್ನೇ ಮುಂದಿಟ್ಟು ಒಂದು ಮಾತು ಹೇಳುತ್ತಾರೆ. ಅದರಡಿಯಲ್ಲಿ ಹುಲ್ಲು ಪುಡಿಯಾಗುತ್ತದೆ, ಕಾಳು ಶುದ್ಧವಾಗುತ್ತದೆ. ಒಂದೇ ಕಷ್ಟ ಒಬ್ಬನನ್ನು ದೇವರ ಹತ್ತಿರ ತರುತ್ತದೆ, ಇನ್ನೊಬ್ಬನನ್ನು ಕಹಿಯಾಗಿಸುತ್ತದೆ. ನಾವು ಗುರುಗಳು ಪ್ರಬೋಧನೆಯಲ್ಲಿ ಇದನ್ನು ಬಹಳ ಸಲ ಹೇಳಿದ್ದೇವೆ. ಹೇಳಿ ಅಲ್ಲಿಗೇ ನಿಲ್ಲಿಸುವುದೂ ಉಂಟು.

ಪವಿತ್ರ ಗ್ರಂಥ ಅಲ್ಲಿಗೇ ನಿಲ್ಲಿಸುವುದಿಲ್ಲ. ಪ್ರವಾದಿ ಯೆಶಾಯನ 28ನೇ ಅಧ್ಯಾಯದ ಕೊನೆಯ ವಚನಗಳನ್ನು ತೆರೆದು ನೋಡಿ. ಜೀರಿಗೆಯ ಮೇಲೆ ರೈತ ಬಂಡಿಯ ಗಾಲಿ ಹಾಯಿಸುವುದಿಲ್ಲ, ಕೋಲಿನಿಂದ ಬಡಿಯುತ್ತಾನೆ. ಗೋದಿಯನ್ನು ತುಳಿಸಿದರೂ ಕಾಳು ನುಚ್ಚಾಗುವಷ್ಟು ತುಳಿಸುವುದಿಲ್ಲ. ಈ ವಿವೇಕವನ್ನು ಅವನಿಗೆ ಕಲಿಸಿದವರು ದೇವರೇ ಎನ್ನುತ್ತಾನೆ ಪ್ರವಾದಿ. ಇನ್ನು ಆಮೋಸನ ಮೊದಲ ಅಧ್ಯಾಯದಲ್ಲಿ (1:3) ದಮಸ್ಕದವರು ಗಿಲ್ಯಾದಿನ ಜನರನ್ನೇ ಕಬ್ಬಿಣದ ಹಲಗೆಗಳಿಂದ ಒಕ್ಕಿದ್ದಾರೆ. ದೇವರು ಅದನ್ನು ಶುದ್ಧೀಕರಣ ಎನ್ನಲಿಲ್ಲ. ಅಪರಾಧ ಎಂದರು, ದಂಡನೆ ವಿಧಿಸಿದರು.

ಇದನ್ನು ಯಾಕೆ ಇಷ್ಟು ಬಿಡಿಸಿ ಹೇಳುತ್ತಿದ್ದೇನೆ? ಕುಡಿದು ಬಂದು ಹೊಡೆಯುವ ಗಂಡನಿರುವ ಮನೆಯಲ್ಲಿ, "ಸಹಿಸಿಕೋ ಮಗಳೇ, ಇದು ದೇವರು ಕೊಟ್ಟ ಶಿಲುಬೆ" ಎಂದು ಹೆತ್ತವರೇ, ಕೆಲವೊಮ್ಮೆ ನಾವು ಗುರುಗಳೇ ಹೇಳುತ್ತೇವೆ. ಕಾಯಿಲೆ, ಬರಗಾಲ, ಮಗುವಿನ ಸಾವು ಇವನ್ನು ಹೊರುವ ತಾಳ್ಮೆಯ ಮಾತು ಬೇರೆ. ಮನುಷ್ಯನ ಕೈ ಎತ್ತಿದ ಏಟನ್ನು ದೇವರ ಒಕ್ಕಣೆ ಎಂದು ಕರೆಯಲು ನಮಗೆ ಅಧಿಕಾರ ಕೊಟ್ಟವರು ಯಾರು?

ಅನೇಕ ಸಂಕಟಗಳ ಮೂಲಕವೇ ದೇವರ ರಾಜ್ಯವನ್ನು ಸೇರಬೇಕೆಂದು ಸಂತ ಪೌಲರು ಕಲಿಸಿದ್ದು ನಿಜ (ಪ್ರೇಷಿತರ ಕಾರ್ಯಕಲಾಪಗಳು 14:22). ಆದರೆ ಅದೇ ಅಧ್ಯಾಯದ ಆರಂಭದಲ್ಲಿ, ಇಕೋನಿಯದಲ್ಲಿ ತಮಗೆ ಕಲ್ಲೆಸೆಯಲು ಸಂಚು ನಡೆದಿದೆ ಎಂದು ತಿಳಿದ ಕೂಡಲೇ ಅವರು ಬಾರ್ನಬರೊಡನೆ ಅಲ್ಲಿಂದ ಪಾರಾಗಿ ಹೋದರು. ಅದನ್ನು ಯಾರೂ ವಿಶ್ವಾಸದ ಕೊರತೆ ಎಂದಿಲ್ಲ.

ಧರ್ಮಸಭೆಯ ಕಾನೂನೂ ಸ್ಪಷ್ಟವಾಗಿದೆ. 1983ರ ಸಂಹಿತೆಯ 1153ನೇ ವಿಧಿಯ ಪ್ರಕಾರ, ಸಂಗಾತಿಯಿಂದ ತನಗೋ ಮಕ್ಕಳಿಗೋ ದೈಹಿಕವಾಗಿ, ಮಾನಸಿಕವಾಗಿ ಗಂಭೀರ ಅಪಾಯವಿದ್ದರೆ ಬೇರೆ ಇರಲು ನ್ಯಾಯವಾದ ಕಾರಣವಿದೆ. ತಡಮಾಡಿದರೆ ಅಪಾಯ ಎನ್ನುವಾಗ ಧರ್ಮಾಧ್ಯಕ್ಷರ ಆದೇಶಕ್ಕೂ ಕಾಯಬೇಕಾಗಿಲ್ಲ. ವಿವಾಹ ಬಂಧ ಇದರಿಂದ ಮುರಿಯುವುದಿಲ್ಲ; ಆ ಭಯ ಬೇಡ. ಜಗದ್ಗುರು ಫ್ರಾನ್ಸಿಸ್ ಅವರು 2016ರ 'ಅಮೋರಿಸ್ ಲೆತೀಸಿಯಾ'ದಲ್ಲಿ (241), ಇಂಥ ಅಗಲಿಕೆ ಕೆಲವೊಮ್ಮೆ ನೈತಿಕವಾಗಿಯೇ ಅಗತ್ಯ ಎಂದಿದ್ದಾರೆ. ನಮ್ಮ ದೇಶದಲ್ಲಿ 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯ ರಕ್ಷಣೆಯಿದೆ. ಮಹಿಳಾ ಸಹಾಯವಾಣಿಯ ಸಂಖ್ಯೆ 181. ನಿಮ್ಮ ಧರ್ಮಕೇಂದ್ರದ ಗುರುಗಳಲ್ಲಿಗೂ ಬನ್ನಿ. ಇದನ್ನು ಹೇಳಲು ಪಾಪನಿವೇದನೆಯ ಪೀಠವೇ ಆಗಬೇಕೆಂದಿಲ್ಲ, ಏಕೆಂದರೆ ಇದು ನಿಮ್ಮ ಪಾಪವಲ್ಲ.